ಯಂತ್ರವು ಆಪ್ತನೇ?

ದೊಮ್ಮಲೂರಿನ ಕಛೇರಿಗಳಲ್ಲಿ ಗಣಕದ ಮುಂದೆ ದುಡಿಯುವ ತರುಣರಲ್ಲಿ ಅನೇಕರು ಈಚೆಗೆ, ಉದ್ಯೋಗವನ್ನು ಬಿಡಬಹುದೇ, ವಿವಾಹಕ್ಕೆ ಒಪ್ಪಬಹುದೇ, ದೇಹವನ್ನು ಕೃಶಗೊಳಿಸುವ ಬಗೆ ಯಾವುದು ಎಂಬಂತಹ ಸ್ವಂತ ಪ್ರಶ್ನೆಗಳನ್ನು ಹಿರಿಯರ ಬಳಿಗೆ ಒಯ್ಯದೆ, ಕೃತಕ ಬುದ್ಧಿಮತ್ತೆಯ ಮುಂದಿಡುತ್ತಿರುವರು. ಯಂತ್ರವು ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತದೆ, ಬೇಸರಪಡುವುದಿಲ್ಲ, ಗದರಿಸುವುದಿಲ್ಲ. ಇಂತಹ ಮಾರ್ಗದರ್ಶಕನು ಮತ್ತೆಲ್ಲಿ ದೊರೆಯುವನು ಎಂಬುದು ಅದರ ಪಕ್ಷದವರ ವಾದ.

ನ್ಯಾಯಶಾಸ್ತ್ರವು ಪ್ರತ್ಯಕ್ಷ, ಅನುಮಾನ, ಉಪಮಾನಗಳೊಡನೆ ಶಬ್ದವನ್ನೂ ಪ್ರಮಾಣವೆಂದು ಅಂಗೀಕರಿಸಿದೆ. ಆದರೆ ಎಲ್ಲರ ಶಬ್ದವನ್ನಲ್ಲ, ಆಪ್ತನ ಶಬ್ದವನ್ನು ಮಾತ್ರ. ವಿಷಯವನ್ನು ತಾನು ಸಾಕ್ಷಾತ್ತಾಗಿ ಅರಿತು, ಅರಿತುದನ್ನು ಅರಿತಂತೆಯೇ ಹೇಳಲಿಚ್ಛಿಸುವವನು ಆಪ್ತನು. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದು ಭಾಷ್ಯಕಾರನಾದ ವಾತ್ಸ್ಯಾಯನನೇ ಹೇಳಿರುತ್ತಾನೆ. ಆದುದರಿಂದ ಹುಟ್ಟನ್ನು ನೋಡಿ ಯಂತ್ರವನ್ನು ಹೊರಗಿಡುವ ಮಾತು ಇಲ್ಲಿಲ್ಲ. ಆ ಅರಿವೂ ಆ ಇಚ್ಛೆಯೂ ಅದಕ್ಕೆ ಉಂಟೇ ಎಂಬುದಷ್ಟೇ ಪ್ರಶ್ನೆ.

ಯಂತ್ರವು ಅಪಾರವಾದ ಲಿಖಿತರಾಶಿಯಿಂದ ಕಲಿತು, ಒಂದು ಪದದ ತರುವಾಯ ಬರಲು ಸಂಭವವುಳ್ಳ ಪದವನ್ನು ಎಣಿಸಿ ಜೋಡಿಸುತ್ತದೆ. ಬಳಿಕ, ಜನರು ಯಾವ ಉತ್ತರವನ್ನು ಮೆಚ್ಚಿದರೆಂಬುದನ್ನು ನೋಡಿ ಅದನ್ನು ತಿದ್ದುತ್ತಾರೆ. ಮೆಚ್ಚುಗೆಯಿಂದ ತಿದ್ದಲ್ಪಟ್ಟುದು ಮೆಚ್ಚಿಸುವುದನ್ನಲ್ಲದೆ ಇನ್ನೇನನ್ನು ಕಲಿತೀತು? ೨೦೨೫ರ ಏಪ್ರಿಲಿನಲ್ಲಿ ಓಪನ್‌ಎಐ ಸಂಸ್ಥೆಯು ಮಾಡಿದ ಒಂದು ಮಾರ್ಪಾಟಿನಿಂದ ಚಾಟ್‌ಜಿಪಿಟಿಯು ಬಳಸುವವರನ್ನು ಮಿತಿಮೀರಿ ಹೊಗಳತೊಡಗಿತು. ತತ್ಕಾಲದ ಮೆಚ್ಚುಗೆಗೆ ಹೆಚ್ಚಿನ ಬೆಲೆ ಕೊಟ್ಟುದು ತಪ್ಪಾಯಿತೆಂದು ಸಂಸ್ಥೆಯೇ ಒಪ್ಪಿ, ಕೆಲವು ದಿನಗಳಲ್ಲಿಯೇ ಆ ಮಾರ್ಪಾಟನ್ನು ಹಿಂತೆಗೆದುಕೊಂಡಿತು. ವಂದಿಮಾಗಧರು ಹಿಂದೆ ಅರಮನೆಗಳಲ್ಲಿಯೂ ಇದ್ದರಷ್ಟೆ. ಅವರನ್ನು ಯಾವ ಅರಸನೂ ಮಂತ್ರಾಲೋಚನೆಗೆ ಕರೆಯುತ್ತಿರಲಿಲ್ಲ.

ಇದಕ್ಕಿಂತಲೂ ಕಠಿನವಾದುದು ೨೦೨೩ರ ಮೇ ತಿಂಗಳ ಪ್ರಸಂಗ. ಆಹಾರಸಂಬಂಧವಾದ ಮನೋವ್ಯಾಧಿಗಳಿಂದ ನರಳುವವರಿಗಾಗಿ ಇರುವ ಅಮೆರಿಕದ ರಾಷ್ಟ್ರೀಯ ಸಂಘವು ‘ಟೆಸ್ಸಾ’ ಎಂಬ ಸಂಭಾಷಣಾಯಂತ್ರವನ್ನು ಇಟ್ಟಿತ್ತು. ಅನ್ನವನ್ನು ಕಂಡರೆ ಅಂಜುವ ರೋಗಿಗಳಿಗೆಂದು ಇಟ್ಟ ಆ ಯಂತ್ರವು, ಕ್ಯಾಲೊರಿಗಳನ್ನು ಎಣಿಸಿ ತೂಕವನ್ನು ಇಳಿಸಿಕೊಳ್ಳುವ ಉಪದೇಶವನ್ನು ಮಾಡಿತು! ಸಂಘವು ಅದನ್ನು ನಿಲ್ಲಿಸಬೇಕಾಯಿತು. ಗಮನಿಸತಕ್ಕ ಸಂಗತಿಯೆಂದರೆ, ಆ ಉಪದೇಶವು ತನ್ನಷ್ಟಕ್ಕೆ ಸುಳ್ಳಲ್ಲ. ಸ್ಥೂಲಕಾಯನೊಬ್ಬನಿಗೆ ಹಿತವೂ ಆದೀತು. ತಾನು ಹೇಳುತ್ತಿರುವುದು ಯಾರಿಗೆ ಎಂಬ ಅರಿವಿಲ್ಲದುದೇ ಅಲ್ಲಿಯ ದೋಷ. ಊರಿನ ಸಾಮಾನ್ಯ ವೈದ್ಯನೂ ನಾಡಿಯನ್ನು ಹಿಡಿಯದೆ, ಮುಖವನ್ನು ನೋಡದೆ ಪಥ್ಯವನ್ನು ಹೇಳುವುದಿಲ್ಲ.

ಮಧ್ಯರಾತ್ರಿಯಲ್ಲಿ ಯಾರೂ ದೊರೆಯದ ನೊಂದವನಿಗೆ ಯಂತ್ರವಾದರೂ ಆಗಲಿ ಎಂಬ ಸಮಾಧಾನವನ್ನು ಕೆಲವರು ಹೇಳುವರು. ೨೦೨೨ರಿಂದ ಸರಕಾರದ ‘ಟೆಲಿ-ಮಾನಸ್’ ದೂರವಾಣಿಯು ೧೪೪೧೬ರಲ್ಲಿ ಹಗಲಿರುಳೂ ಇದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಅಲ್ಲಿ ಉತ್ತರ ಕೊಡುವವನು ಮನುಷ್ಯ. ಓದಿನ ವೇಳಾಪಟ್ಟಿಯನ್ನು ಹಾಕುವುದಕ್ಕೂ, ಅರ್ಜಿಯ ಭಾಷೆಯನ್ನು ತಿದ್ದುವುದಕ್ಕೂ ಯಂತ್ರವನ್ನು ಧಾರಾಳವಾಗಿ ಬಳಸಲಿ. ಆ ಕೆಲಸದಲ್ಲಿ ತಪ್ಪು ಕಣ್ಣಿಗೆ ಬೀಳುತ್ತದೆ, ಬೇಗನೆ ತಿದ್ದಲೂಬಹುದು.

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ಪ್ರಾಚೀನ ಶಿಲಾಶಾಸನಗಳಲ್ಲಿ ದಾನ ಕೊಟ್ಟವರ ಹೆಸರನ್ನು ಕೆತ್ತಿದೆ. ಉಪದೇಶವನ್ನು ತಿಂಗಳ ಲೆಕ್ಕದಲ್ಲಿ ಮಾರುವ ಇಂದಿನ ವರ್ತಕರು, ಅದು ಕೆಟ್ಟರೆ ಉತ್ತರ ಹೇಳತಕ್ಕ ಮನುಷ್ಯನ ಹೆಸರನ್ನು ತಮ್ಮ ಯಂತ್ರದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆಯಲಿ.