ಗುಡಿಯ ಬೀದಿಯ ಬಾಡಿಗೆ ಮನೆ

ಕೊಕ್ಕನೂರಿನಂತಹ ಹಳ್ಳಿಯಿಂದ ಹರಿಹರಕ್ಕೆ ಬಂದು ನೆಲಸುವ ಹೊಸ ಸಂಸಾರಕ್ಕೆ ಹರಿಹರೇಶ್ವರನ ಗುಡಿಯ ಸುತ್ತಣ ಹಳೆಯ ಬೀದಿಯಲ್ಲಿ ಒಂದು ಕೋಣೆಯ ಮನೆ ದೊರೆತರೆ ಮನಸ್ಸು ಹಿಗ್ಗುವುದು ಸಹಜವೇ. 1224ರಲ್ಲಿ ಪೊಲಾಳ್ವ ದಂಡನಾಥನು ಕಟ್ಟಿಸಿದ ದೇವಾಲಯದ ನೆರೆ, ತುಂಗಭದ್ರೆಯ ಗಾಳಿ, ಇವಕ್ಕೆ ಬೆಲೆಯುಂಟೆ? ಆದರೂ ಮುಂಗಡ ಹಣ ಕೊಡುವ ಮುನ್ನ ಗೃಹಿಣಿಯು ತಲೆಯೆತ್ತಿ ಮಾಳಿಗೆಯನ್ನು ನೋಡತಕ್ಕುದು. ಗುಡಿಯು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವಾಗಿದೆ. 2010ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಅದರ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಹಳೆಯ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಮನೆಯೊಡೆಯರು ಸತ್ಯವಂತರಾದರೂ ಅಪ್ಪಣೆ ತಡವಾದರೆ, ಶ್ರಾವಣದಲ್ಲಿ ಸೋರುವೆಡೆಗೆಲ್ಲ ಪಾತ್ರೆಯಿಡುವವರು ಬಾಡಿಗೆಯವರೇ. ಆದುದರಿಂದ ಅಪ್ಪಣೆಯ ಪತ್ರವನ್ನು ಕೇಳಿ ನೋಡಿರಿ. ದುರಸ್ತಿಯ ಹೊಣೆ ಯಾರದು, ಎಂದಿಗೆ ಮುಗಿಯಬೇಕು ಎಂಬುದನ್ನು ಕರಾರುಪತ್ರದಲ್ಲಿ ಬರೆಯಿಸಿಕೊಳ್ಳಿರಿ. ಆ ಬಳಿಕ ಒಲೆಯ ಮೇಲೆ ಹಾಲುಕ್ಕಿಸಿರಿ.