ಕಂಟಿನ್ಯುಯಿಟಿ ತಪ್ಪಬಾರದು ಗುರೂ!

ಹೀರೋ ಎಡಗೈಗೆ ವಾಚು ಕಟ್ಟಿಕೊಂಡು ಬಾಗಿಲೊಳಗೆ ಹೋಗ್ತಾನೆ. ಆಚೆ ಬರುವಾಗ ವಾಚು ಬಲಗೈಯಲ್ಲಿ! ಗಾಂಧಿಕ್ಲಾಸಿನಿಂದ ಶಿಳ್ಳೆ ಬೀಳುತ್ತೆ. ಮಾನ ಹೋಗೋದು ಮಾತ್ರ ನಮ್ಮಂಥ ಅಸಿಸ್ಟೆಂಟ್ ಡೈರೆಕ್ಟರುಗಳದು. ಅದಕ್ಕೇ ನಮ್ಮ ಕೈಲಿ ಸದಾ ಒಂದು ಕಂಟಿನ್ಯುಯಿಟಿ ನೋಟ್‌ಬುಕ್ಕು.

ಈ ವಾರ ಗಾಸಿಪ್ ಇಲ್ಲ, ಮಿತ್ರರೇ. ನನಗೆ ಸ್ತನ ಕ್ಯಾನ್ಸರ್.

ನಕ್ಕಿರಾ? ನಗಿ, ಪರವಾಗಿಲ್ಲ. 'ಅದು ಹೆಂಗಸರ ಕಾಯಿಲೆ ಅಲ್ವಾ' ಅಂತ ನಾನೂ ನಕ್ಕಿದ್ದೆ. ಮೊಲೆತೊಟ್ಟಿನ ಹಿಂದೆ ಗೋಲಿಯಷ್ಟು ಗಟ್ಟಿ ಗಂಟು. ನೋವಿಲ್ಲ. ಹನ್ನೊಂದು ತಿಂಗಳು ಷರಟಿನೊಳಗೆ ಮುಚ್ಚಿಟ್ಟೆ. ತೋರಿಸಿಕೊಂಡಾಗ ಬೆನ್ನುಮೂಳೆಗೂ ಹೋಗಿತ್ತು. ಈ ಕಾಯಿಲೆ ಬಂದ ನೂರು ಜನರಲ್ಲಿ ಸುಮಾರು ಒಬ್ಬ ಗಂಡಸು. 1971ರ 'ಶಾಫ್ಟ್' ಚಿತ್ರದ ಹೀರೋ, ಆ ಗಂಡುಗಲಿ ರಿಚರ್ಡ್ ರೌಂಡ್‌ಟ್ರೀಗೂ 1993ರಲ್ಲಿ ಇದೇ ಬಂದಿತ್ತು. ಆತ ಆಮೇಲೆ ಮೂವತ್ತು ವರ್ಷ ಬದುಕಿದ್ದ.

ಸಿನಿಮಾದಲ್ಲಾದರೆ ಕ್ಯಾನ್ಸರ್ ಅಂದ್ರೆ ಒಂದು ಕೆಮ್ಮು, ಕರ್ಚೀಫಿನಲ್ಲಿ ರಕ್ತ, ಕೊನೇ ರೀಲಿನಲ್ಲಿ ಸಾವು. ಮಧ್ಯದ ರೀಲುಗಳನ್ನು ಯಾರೂ ತೆಗೆದೇ ಇಲ್ಲ! ನಾನಿರೋದು ಆ ಮಧ್ಯದ ರೀಲಿನಲ್ಲೇ. ಮೂಳೆಗೆ ಹೋದದ್ದನ್ನು ಪೂರ್ತಿ ವಾಸಿ ಮಾಡೋಕಾಗಲ್ಲ, ಹತೋಟಿಯಲ್ಲಿಡಬಹುದು ಅಂದರು ಡಾಕ್ಟರು. ಅವರಿಗೆ ನನ್ನಂಥವರು ದಿನಕ್ಕೆ ಎಷ್ಟೋ ಜನ. ನನ್ನ ಕಂಟಿನ್ಯುಯಿಟಿ ನಾನೇ ನೋಡ್ಕೋಬೇಕು. ಹಳೇ ನೋಟ್‌ಬುಕ್ಕು ಹೊರಗೆ ಬಂತು.

ಮೊದಲ ಪುಟದಲ್ಲಿ ಬಯಾಪ್ಸಿ ರಿಪೋರ್ಟಿನ ಮೂರು ಉತ್ತರ: ಇ.ಆರ್., ಪಿ.ಆರ್., ಹರ್-2. ಯಾವ ಔಷಧಿ ಅನ್ನೋದು ಅದರ ಮೇಲೆಯೇ ನಿಂತಿರೋದು. ನನ್ನದು ಹಾರ್ಮೋನಿನಿಂದ ಬೆಳೆಯುವ ಜಾತಿ. ಹಾಗಾಗಿ ದಿನಾ ಟಮಾಕ್ಸಿಫೆನ್ ಮಾತ್ರೆ. ಅದರ ಪ್ರತಾಪ ಕೇಳಿ: ಮೀಸೆ ಹೊತ್ತ ಗಂಡಸಿಗೆ ಮುಟ್ಟು ನಿಂತ ಹೆಂಗಸರ ಹಾಗೆ ಮೈಯೆಲ್ಲಾ ಬಿಸಿ, ಬೆವರು! ಮೂಳೆಗೆ ಜೊಲೆಡ್ರಾನಿಕ್ ಆಸಿಡ್ ಡ್ರಿಪ್ಪು. ಅದು ನಡೆಯುವಾಗ ಕೇಳದೆ ಹಲ್ಲು ಕೀಳಿಸಿದರೆ ದವಡೆ ಮೂಳೆಗೇ ಕುತ್ತು. ಇದನ್ನು ಕೆಂಪು ಇಂಕಿನಲ್ಲಿ ಬರೆದಿದ್ದೀನಿ. ಇನ್ನೊಂದು ಕೆಂಪು ಸಾಲು: ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, 'ಪ್ಯಾಕಪ್ ಆಗಲಿ ನೋಡೋಣ' ಅನ್ನಂಗಿಲ್ಲ. ಬೆನ್ನುಹುರಿ ಒತ್ತಿಕೊಂಡಿರಬಹುದು, ಅವತ್ತೇ ಆಸ್ಪತ್ರೆ.

ನೋವಿಗೆ ಹತ್ತರಲ್ಲಿ ಅಂಕ ಹಾಕ್ತೀನಿ. 'ತುಂಬಾ ನೋವು ಸಾರ್' ಅಂತ ಗೋಳಾಡಿದ ದಿನ ತಲೆಯಾಡಿಸಿದವರು, 'ರಾತ್ರಿ ಎಂಟು, ಮಾತ್ರೆ ತಗೊಂಡ ಮೇಲೆ ಆರು' ಅಂತ ಓದಿದ ದಿನ ಔಷಧಿ ಬದಲಾಯಿಸಿದರು.

ಒಂದು ಪುಟ ಬರೆಯೋಕೆ ಮಾತ್ರ ಕೈ ನಡುಗಿತು. ಗಂಡಸಿಗೆ ಇದು ಬಂದರೆ ಬಿ.ಆರ್.ಸಿ.ಎ. ಜೀನ್ ಪರೀಕ್ಷೆ ಮಾಡಿಸಬೇಕು. ದೋಷ ಇದ್ದರೆ ಒಡಹುಟ್ಟಿದವರಿಗೂ ಇರಬಹುದು. ನನ್ನದರಲ್ಲಿ ಇತ್ತು. ತಂಗಿಗೆ ಫೋನ್ ಮಾಡಿದೆ. ಸುಮಾರು ಹೊತ್ತು ಮಾತೇ ಇಲ್ಲ. ಆಮೇಲೆ, 'ಅಣ್ಣಾ, ನಂಗೆ ಇಬ್ರು ಹೆಣ್ಮಕ್ಕಳು ಕಣೋ' ಅಂದಳು.

ಹೋದ ಸೋಮವಾರ ರಕ್ತ ಕೊಟ್ಟು ಬಂದಿದ್ದಾಳೆ. ರಿಪೋರ್ಟು ಬಂದಿಲ್ಲ. ನನ್ನ ಸ್ಕ್ಯಾನು ಹದಿನಾಲ್ಕಕ್ಕೆ. ಮುಂದಿನ ವಾರ, ಮಾತು ಕೊಟ್ಟ ಹಾಗೆ, ಹಳೇ ಫೈಟ್ ಮಾಸ್ಟರುಗಳ ಕಥೆ.