ಮೇಲಿನ ನೀರು, ಅಡಿಯ ನೀರು

ಭೂಗೋಳದ ತರಗತಿಯಲ್ಲಿ ಕುಳಿತ ನಮ್ಮಂಥವರಿಗೆ ಸಾಗರ ಪ್ರವಾಹವೆಂದರೆ ನಕ್ಷೆಯ ಮೇಲಿನ ಬಾಣದ ಗುರುತು. ಕೆಂಪು ಬಾಣ ಉಷ್ಣ ಪ್ರವಾಹ, ನೀಲಿ ಬಾಣ ಶೀತ ಪ್ರವಾಹ. ಹೆಸರುಗಳನ್ನು ಉರು ಹೊಡೆದರೆ ಅಂಕಗಳಿಗೆ ಮೋಸವಿಲ್ಲ. ಕಳೆದ ರಜೆಯಲ್ಲಿ ಈ ಬಾಣಗಳನ್ನು ನಮ್ಮ ತಂದೆಯವರಿಗೆ ತೋರಿಸಿದೆ. ಅವರು ಅಕ್ಷರ ಕಲಿತವರಲ್ಲ. ಅಳಿವೆಯಲ್ಲಿ ಬಲೆ ಬೀಸಿ ನನ್ನನ್ನು ಓದಿಸಿದವರು. ನಕ್ಷೆಯನ್ನು ಬಹಳ ಹೊತ್ತು ನೋಡಿ, "ಇದೆಲ್ಲ ಮೇಲಿನ ನೀರಿನ ಮಾತಾಯಿತು. ಅಡಿಯ ನೀರು ಯಾವ ಕಡೆಗೆ ಹೋಗುತ್ತದೆ, ಮಗಾ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹೊಳೆಯ ಸಿಹಿನೀರು ಮೇಲೆ ಕಡಲಿಗೆ ಸಾಗುತ್ತಿರುವಾಗಲೇ ಭರತದ ಉಪ್ಪುನೀರು ಅಡಿಯಲ್ಲಿ ಒಳಕ್ಕೆ ನುಗ್ಗುವುದುಂಟೆಂಬುದನ್ನು ಅವರು ಬಲೆಯ ಸೆಳೆತದಿಂದಲೇ ಬಲ್ಲರು.

ಆ ಪ್ರಶ್ನೆಯನ್ನು ಹೊತ್ತು ಗ್ರಂಥಾಲಯಕ್ಕೆ ಬಂದವನಿಗೆ ದೊರೆತದ್ದು ಕಪ್ಪು ಸಮುದ್ರದ ವೃತ್ತಾಂತ. ಡ್ಯಾನ್ಯೂಬ್, ನೀಪರ್ ಮೊದಲಾದ ಮಹಾನದಿಗಳು ಸೇರುವ ಈ ಸಮುದ್ರದ ಹೊರಬಾಗಿಲು ಇಸ್ತಾಂಬುಲ್ ನಗರದ ನಡುವೆ ಹಾಯುವ ಬಾಸ್ಫೊರಸ್ ಜಲಸಂಧಿ. ಅತಿ ಕಿರಿದಾದ ಕಡೆ ಅದರ ಅಗಲ ಸುಮಾರು 700 ಮೀಟರ್. ಮೇಲಿನ ನೀರು ಅಲ್ಲಿಂದ ಮಾರ್ಮರಾ ಸಮುದ್ರಕ್ಕೆ ಹರಿಯುವುದನ್ನು ಯಾರಾದರೂ ಕಾಣಬಹುದು. ಅಡಿಯಲ್ಲಿ ಇನ್ನೊಂದು ಪ್ರವಾಹ ಅದಕ್ಕೆ ಎದುರಾಗಿ ಹೋಗುತ್ತದೆಂಬುದು ಅಲ್ಲಿಯ ಬೆಸ್ತರಿಗೆ ತಿಳಿದಿತ್ತು. 1679ರಲ್ಲಿ ಅಲ್ಲಿಗೆ ಬಂದ ಮಾರ್ಸಿಲಿ ಎಂಬ ಇಟಲಿಯ ತರುಣ ಆ ಮಾತನ್ನು ಕಿವಿಗೆ ಹಾಕಿಕೊಂಡ. ಆತನಿಗೆ ಆಗ ಇಪ್ಪತ್ತೊಂದು, ಹೆಚ್ಚು ಕಡಮೆ ನಮ್ಮದೇ ವಯಸ್ಸು! ಬಿಳಿ ಬಣ್ಣ ಬಳಿದ ಬೆಂಡಿನ ಚೂರುಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ. ಮೇಲಿನವು ಒಂದು ಕಡೆಗೆ, ಆಳದವು ಇನ್ನೊಂದು ಕಡೆಗೆ ವಾಲಿದವು. ಬಳಿಕ ತೊಟ್ಟಿಯೊಂದಕ್ಕೆ ಅಡ್ಡಹಲಗೆ ಹಾಕಿ, ಒಂದು ಪಾಲಿಗೆ ಹೆಚ್ಚು ಉಪ್ಪಿನ ನೀರನ್ನೂ ಇನ್ನೊಂದಕ್ಕೆ ಕಡಮೆ ಉಪ್ಪಿನ ನೀರನ್ನೂ ತುಂಬಿ, ಹಲಗೆಯಲ್ಲಿ ಮೇಲೊಂದು ಕೆಳಗೊಂದು ತೂತು ಬಿಟ್ಟ. ಭಾರದ ನೀರು ಕೆಳತೂತಿನಿಂದ ಆಚೆಗೆ ಹೋಯಿತು, ಹಗುರ ನೀರು ಮೇಲಿನ ತೂತಿನಿಂದ ಈಚೆಗೆ ಬಂತು. 1681ರಲ್ಲಿ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ. ನಾವೋ, ಪ್ರಬಂಧಕ್ಕೆ ಗೈಡು ಹುಡುಕುತ್ತೇವೆ.

ಹೀಗೆ ಒಳಹೊಕ್ಕ ಉಪ್ಪುನೀರು ಕಪ್ಪು ಸಮುದ್ರದ ಆಳಕ್ಕೆ ಇಳಿಯುತ್ತದೆ. ಮೇಲ್ನೀರಿನಲ್ಲಿ ಸಾವಿರಕ್ಕೆ ಸುಮಾರು 18 ಪಾಲು ಮಾತ್ರ ಉಪ್ಪು. ಹಗುರವಾದ ಆ ಪದರ ಮುಚ್ಚಳದಂತೆ ಕುಳಿತಿರುವುದರಿಂದ ಗಾಳಿಯ ಆಮ್ಲಜನಕ ಕೆಳಗೆ ಇಳಿಯಲಾರದು. ಸುಮಾರು 200 ಮೀಟರಿನಿಂದ ಕೆಳಗೆ ಮೀನು ಬದುಕದು. ಮರ ಕೊರೆಯುವ ಹುಳುವೂ ಇಲ್ಲ. ಆದ್ದರಿಂದಲೇ ಸುಮಾರು 2,400 ವರ್ಷಗಳ ಹಿಂದಿನ ಗ್ರೀಕ್ ಹಡಗೊಂದು ಎರಡು ಕಿಲೋಮೀಟರ್ ಆಳದಲ್ಲಿ, ಕೂವೆಮರ ಸಹಿತ ನಿಂತಿರುವುದು 2018ರಲ್ಲಿ ಜಗತ್ತಿಗೆ ತಿಳಿಯಿತು.

ಇನ್ನು ನನ್ನ ಆಕ್ಷೇಪಣೆಗೆ ಬರುತ್ತೇನೆ. ಬೆಸ್ತರಿಂದ ಕಲಿತ ಈ ತಿಳಿವನ್ನು ನಾಗರಿಕರು ಯಾವುದಕ್ಕೆ ಬಳಸಿದರು? ಚರಂಡಿಗೆ. ಕಸಕಡ್ಡಿ ಸೋಸಿದ ಕೊಳಚೆಯನ್ನು ಅಡಿಯ ಪ್ರವಾಹಕ್ಕೆ ಬಿಟ್ಟರೆ ಅದು ಕಪ್ಪು ಸಮುದ್ರದ ಆಳ ಸೇರಿ ಅಲ್ಲೇ ಉಳಿಯುತ್ತದೆಂಬ ಲೆಕ್ಕಾಚಾರ. ಆದರೆ ಎರಡು ನೀರುಗಳೂ ಇಕ್ಕಟ್ಟಿನಲ್ಲಿ ಉಜ್ಜಿಕೊಂಡು ಸಾಗುವಾಗ ಅಡಿಯದರಲ್ಲಿ ಒಂದು ಪಾಲು ಮೇಲಿನದಕ್ಕೆ ಬೆರೆತು ಮಾರ್ಮರಾಕ್ಕೆ ಹಿಂದಿರುಗುತ್ತದೆ. 2021ರಲ್ಲಿ ಆ ಸಮುದ್ರದ ಮೇಲೆ ಲೋಳೆಯ ಹಾಸು ಕಟ್ಟಿ ಬಲೆಗಳೆಲ್ಲ ಜಿಗುಟಾದವು. ನೀರು ಬಿಸಿಯಾದದ್ದೂ ಕಾರಣ, ಸುತ್ತಲಿನ ಊರುಗಳ ಕೊಳಚೆಯೂ ಕಾರಣ. ಲೆಕ್ಕ ಹಾಕಿದವರು ಒಬ್ಬರು, ಬಲೆ ತೊಳೆದವರು ಇನ್ನೊಬ್ಬರು.

ನಮ್ಮ ಅಳಿವೆಗೂ ಪೇಟೆಯ ಚರಂಡಿ ಬೀಳುತ್ತದೆ. "ಹೊಳೆಯಲ್ಲವೇ, ಕಡಲಿಗೆ ಒಯ್ಯುತ್ತದೆ" ಎಂದು ಹೇಳುವ ಪದವೀಧರರನ್ನು ಕಂಡಿದ್ದೇನೆ. ಅಡಿಯ ನೀರು ಎತ್ತ ಹೋಗುತ್ತದೆಂದು ದೋಣಿಯವರನ್ನು ಒಮ್ಮೆಯಾದರೂ ಕೇಳಿದ್ದಾರೆಯೇ? ನಾನೂ ಕೇಳಿರಲಿಲ್ಲ, ನಮ್ಮ ಮನೆಯ ಮೊದಲ ಬಿ.ಎ. ಎಂಬ ಬಿಂಕದಲ್ಲಿದ್ದೆ.

ಪರೀಕ್ಷೆ ಮುಗಿದೊಡನೆ ಬೆಂಡು, ಹಗ್ಗ, ಒಂದಿಷ್ಟು ಬಿಳಿ ಬಣ್ಣ ಕೊಂಡು ಊರಿಗೆ ಹೋಗುವವನಿದ್ದೇನೆ. ದೋಣಿ ನಡೆಸಲು ತಂದೆಯವರು ಒಪ್ಪಿದ್ದಾರೆ. ಬರುವ ಮಿತ್ರರಿದ್ದರೆ ಎರಡು ಆಸನ ಖಾಲಿ ಇವೆ.